ಬಸ್ಸು ತಪ್ಪದ ಹಾಗೆ ಕಾಲೇಜಿನಲ್ಲೊಂದು ಸಂಘ: ಸೇರುವವರಿಗೂ ಕಟ್ಟುವವರಿಗೂ

ಡಿಗ್ರಿಗೆ ಅಂತ ಮೈಸೂರಿಗೆ ಬಂದ ಮೊದಲ ವರ್ಷ ನಾನು ಒಂದೇ ಒಂದು ಸಂಘದ ಸಭೆಗೂ ಹೋಗಲಿಲ್ಲ. ಮನಸ್ಸಿಲ್ಲದೆ ಅಲ್ಲ. ನಮ್ಮ ಕಾಲೇಜಿನ ನಾಟಕ ತಂಡದವರು ಸೇರುತ್ತಿದ್ದದ್ದು ಸಂಜೆ ಐದೂವರೆಗೆ. ಬನ್ನೂರು ದಾಟಿ ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ಹೊರಡುತ್ತಿದ್ದದ್ದು ಐದೂಕಾಲಿಗೆ. ಅದು ತಪ್ಪಿದರೆ ಬನ್ನೂರಿನಲ್ಲಿ ಇಳಿದು, ಗದ್ದೆ ಬಯಲಿನ ದಾರಿಯಲ್ಲಿ ಕತ್ತಲಲ್ಲಿ ನಡೆಯಬೇಕು. ಅಪ್ಪ ಅದಕ್ಕೆ ಒಪ್ಪುವ ಮಾತೇ ಇರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ‘ಆಸಕ್ತರು ತಪ್ಪದೆ ಬನ್ನಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಿದ್ದರು. ಅದನ್ನು ಓದಿಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ.

ಎರಡನೇ ವರ್ಷ ಹಾಸ್ಟೆಲ್ ಸೀಟು ಸಿಕ್ಕಿತು. ಆಮೇಲೆ ನಾಟಕ, ಕನ್ನಡ ಸಂಘ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಎಲ್ಲಕ್ಕೂ ಹೋದೆ. ಈಗ ನಾನೇ ಪಾಠ ಹೇಳುತ್ತೇನೆ. ಏಳು ವರ್ಷದಿಂದ ಒಂದು ವಿದ್ಯಾರ್ಥಿ ಸಂಘದ ಸಂಚಾಲಕಿಯೂ ಹೌದು. ಒಂದು ಸಂಘ ಚೆನ್ನಾಗಿದೆಯೋ ಇಲ್ಲವೋ ಅಂತ ಅದರ ವಾರ್ಷಿಕೋತ್ಸವ ನೋಡಿ ಹೇಳಲು ಆಗುವುದಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ಹಳ್ಳಿ ಹುಡುಗ ಹುಡುಗಿಯರಿಗೆ ಅಲ್ಲಿ ಜಾಗ ಇದೆಯಾ ಅಂತ ನೋಡಬೇಕು. ಕೆಳಗೆ ಬರೆದಿರುವುದೆಲ್ಲ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಮೊದಲು, ಏನೇನಿದೆ ತಿಳಿದುಕೊಳ್ಳಿ

ಕಾಲೇಜು ಶುರುವಾದ ಮೊದಲ ಎರಡು ಮೂರು ವಾರ ನೋಟಿಸ್ ಬೋರ್ಡನ್ನು ದಿನಾ ನೋಡಿ. ಎನ್‌ಎಸ್‌ಎಸ್, ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಎರಡಕ್ಕೂ ಹೆಸರು ಬರೆಸಿಕೊಳ್ಳುವುದು ವರ್ಷದ ಶುರುವಿನಲ್ಲೇ. ಸೀಟು ಮುಗಿದ ಮೇಲೆ ಹೋಗಿ ಕೇಳಿದರೆ ಮುಂದಿನ ವರ್ಷ ಬನ್ನಿ ಅನ್ನುತ್ತಾರೆ.

ಎನ್‌ಎಸ್‌ಎಸ್ ಶುರುವಾದದ್ದು ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ 1969ರಲ್ಲಿ, ಸೆಪ್ಟೆಂಬರ್ 24ರಂದು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಗಂಟೆ ಲೆಕ್ಕ ಕೇಳಿ ಹೆದರಬೇಡಿ, ವಾರಕ್ಕೆ ಹಂಚಿದರೆ ಎರಡು ಮೂರು ಗಂಟೆ ಅಷ್ಟೆ. ಶಿಬಿರವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬೇಡಿ. ಯಾವುದೋ ಹಳ್ಳಿಯ ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿಕೊಂಡು ಮಲಗಿ, ಬೆಳಿಗ್ಗೆ ಸರದಿ ಮೇಲೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿ, ಚರಂಡಿ ಶುಚಿ ಮಾಡಿ, ರಾತ್ರಿ ಊರಿನವರ ಮುಂದೆ ಕೋಲಾಟ ಮಾಡಿದ ಮೇಲೆ ನಿಮ್ಮ ಕ್ಲಾಸಿನವರೇ ನಿಮಗೆ ಬೇರೆ ಜನರ ಹಾಗೆ ಕಾಣುತ್ತಾರೆ. ವರ್ಷವಿಡೀ ಪಕ್ಕದಲ್ಲಿ ಕೂತರೂ ಆಗದ ಸ್ನೇಹ ಆ ಏಳು ದಿನದಲ್ಲಿ ಆಗುತ್ತದೆ.

ಎನ್‌ಸಿಸಿ ಬೇರೆ ಥರ. ಅಲ್ಲಿ ಶಿಸ್ತು ಜಾಸ್ತಿ, ಪರೇಡಿಗೆ ಬೆಳಿಗ್ಗೆ ಬೇಗ ಬರಬೇಕು. ದೂರದಿಂದ ಓಡಾಡುವವರು ಇದನ್ನು ಮೊದಲೇ ಯೋಚಿಸಿ. ಸೇನೆಯಲ್ಲಿ ಅಧಿಕಾರಿಯಾಗಬೇಕು ಅನ್ನುವ ಆಸೆ ಇದ್ದರೆ ಎನ್‌ಸಿಸಿಯ ಕೊನೆಯ ಹಂತದ ಸಿ ಸರ್ಟಿಫಿಕೇಟ್ ತನಕ ಬಿಡದೆ ಮಾಡಿ. ಅದಿದ್ದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗುವ ಒಂದು ದಾರಿ ಇದೆ.

ಇವೆರಡು ನಿಯಮದ ಪ್ರಕಾರ ನಡೆಯುವಂಥವು. ಇನ್ನುಳಿದವು ಕನ್ನಡ ಸಂಘ, ನಾಟಕ ತಂಡ, ಪರಿಸರ ಕ್ಲಬ್, ವಿಜ್ಞಾನ ಸಂಘ, ಚರ್ಚಾ ಕೂಟ. ಇವುಗಳ ಹಣೆಬರಹ ಆ ವರ್ಷ ಯಾರು ಕೈಹಾಕುತ್ತಾರೋ ಅವರ ಮೇಲಿದೆ. ಕಾಲೇಜಿನ ಪುಸ್ತಿಕೆಯಲ್ಲಿ ಹತ್ತು ಸಂಘದ ಹೆಸರಿದ್ದರೂ ನಿಜವಾಗಿ ನಡೆಯುವುದು ಮೂರು ನಾಲ್ಕು.

ಹಾಗಂತ ಇವನ್ನು ಸಣ್ಣದು ಅಂದುಕೊಳ್ಳಬೇಡಿ. ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಶುರುವಾದದ್ದು 1919ರಲ್ಲಿ, ಆಗ ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಬೆನ್ನೆಲುಬಾಗಿದ್ದರು. ವಿಶ್ವವಿದ್ಯಾನಿಲಯ ಹುಟ್ಟಿಯೇ ಆಗ ಮೂರು ವರ್ಷ. ಒಂದು ಕಾಲೇಜು ಸಂಘ ಹೊರಡಿಸಿದ ಪತ್ರಿಕೆಯನ್ನು ಆಮೇಲೆ ವಿಶ್ವವಿದ್ಯಾನಿಲಯವೇ ಮುಂದುವರಿಸಿಕೊಂಡು ಬಂತು.

ಮೂರು ಕಡೆ ಹೋಗಿ, ಒಂದರಲ್ಲಿ ನಿಲ್ಲಿ

ಮೊದಲ ತಿಂಗಳು ಎಲ್ಲಿಗೂ ಮಾತು ಕೊಡಬೇಡಿ. ಮೂರು ಸಂಘಗಳ ಸಭೆಗೆ ಹೋಗಿ ಸುಮ್ನೆ ಕೂತು ನೋಡಿ. ನಾನು ನನ್ನ ವಿದ್ಯಾರ್ಥಿಗಳಿಗೆ ಕೆಲವು ಗುರುತು ಹೇಳಿಕೊಡುತ್ತೇನೆ.

ಅತಿಥಿ ಇಲ್ಲದ ದಿನವೂ ಜನ ಬರುತ್ತಾರಾ? ಬಂದರೆ ಅಲ್ಲಿ ಜೀವ ಇದೆ ಅಂತ ಅರ್ಥ. ಅತಿಥಿ ಬಂದಾಗ ಮಾತ್ರ ಸೇರುವ ಸಂಘ ಫೋಟೋಗೆ ಅಂತ ಇರುವ ಸಂಘ. ಸೀನಿಯರ್‌ಗಳು ನಿಮ್ಮ ಹೆಸರು ಕೇಳಿದರಾ, ಎರಡನೇ ಸಲ ಹೋದಾಗ ಅದು ಅವರಿಗೆ ನೆನಪಿತ್ತಾ? ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುವವರು ಯಾರು? ಯಾವಾಗಲೂ ಫಸ್ಟ್ ಇಯರ್‌ನವರೇ ಆದರೆ ಸ್ವಲ್ಪ ಯೋಚಿಸಿ.

ಹೆಣ್ಣುಮಕ್ಕಳು ಇನ್ನೊಂದು ನೋಡಬೇಕು. ಪ್ರಾರ್ಥನೆ, ರಂಗೋಲಿ, ಅತಿಥಿಗೆ ಹೂ ಕೊಡುವುದು ಇಷ್ಟೇ ಹುಡುಗಿಯರ ಪಾಲಿಗೆ ಬಂದು, ಮೈಕು, ದುಡ್ಡು, ನಿರ್ಧಾರ ಎಲ್ಲ ಹುಡುಗರ ಕೈಲಿದ್ದರೆ ಕಾರಣ ಕೇಳಿ. ಕೇಳಿದ ಮೇಲೂ ಬದಲಾಗದಿದ್ದರೆ ಬೇರೆ ಸಂಘ ನೋಡಿಕೊಳ್ಳಿ. ಊರು, ಜಾತಿ ಕೇಳಿ ಗುಂಪು ಕಟ್ಟುವ ಕಡೆಯಂತೂ ಕಾಲಿಡಬೇಡಿ. ಕಾಲೇಜು ಅನ್ನುವುದು ಅದರಿಂದ ಆಚೆ ಬರಲು ಸಿಗುವ ಮೂರೇ ಮೂರು ವರ್ಷ.

ಪರಿಚಯ ಮಾಡಿಕೊಳ್ಳುವ ಹೆಸರಿನಲ್ಲಿ ಯಾರಾದರೂ ಹಾಡು ಕುಣಿತ ಮಾಡಿಸಿ ಅವಮಾನ ಮಾಡಿದರೆ ಅದು ರ‍್ಯಾಗಿಂಗ್. ಸಂಘದ ಸಂಪ್ರದಾಯ ಅಂತ ಯಾರು ಹೇಳಿದರೂ ಒಪ್ಪಬೇಡಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳದ ದೂರಿಗೆ ಕಾಲೇಜಿನ ಆಂತರಿಕ ದೂರು ಸಮಿತಿ ಇದೆ. ಅದರ ಸದಸ್ಯರ ಹೆಸರು ತಿಳಿದುಕೊಂಡಿರಿ.

ಸೇರಿದ ಮೇಲೆ ಒಂದು ಸಣ್ಣ ಕೆಲಸ ಕೇಳಿ ಪಡೆಯಿರಿ

ಮಾತು ಬರುವುದಿಲ್ಲ, ಹಾಡು ಬರುವುದಿಲ್ಲ, ನಾನೇನು ಮಾಡಲಿ ಅಂತ ಎಷ್ಟೋ ಮಕ್ಕಳು ಕೇಳುತ್ತಾರೆ. ಒಂದು ಕೆಲಸ ವಹಿಸಿಕೊಳ್ಳಿ. ಹಾಜರಿ ಬರೆಯುವುದು, ಕೊಠಡಿ ಬೀಗ ತರುವುದು, ನೋಟಿಸ್ ಬರೆಯುವುದು, ಯಾವುದಾದರೂ ಸರಿ. ಕೆಲಸ ಇದ್ದವರು ಸಭೆಗೆ ಬರಲು ಹಿಂಜರಿಯುವುದಿಲ್ಲ.

ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗಿ ನಮ್ಮ ಸಂಘಕ್ಕೆ ಬಂದು ಆರು ವಾರ ಒಂದು ಮಾತೂ ಆಡಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬೆಂಚು ಒರೆಸುತ್ತಿದ್ದಳು, ಅಷ್ಟೆ. ಒಂದು ಕಾರ್ಯಕ್ರಮಕ್ಕೆ ವಂದನಾರ್ಪಣೆ ನೀನೇ ಮಾಡಮ್ಮ ಅಂದೆ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವಂತೆ. ಮೈಕಿನ ಮುಂದೆ ನಿಂತಾಗ ಕಾಗದ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ, ಕಾಗದವನ್ನು ಮೈಕಿನ ಕಂಬಕ್ಕೆ ಒತ್ತಿ ಹಿಡಿದುಕೊಂಡಳು. ಅಧ್ಯಕ್ಷರು, ಅತಿಥಿಗಳು ಎಲ್ಲರ ಹೆಸರು ಓದಿದಳು. ಕೊನೆಗೆ ನೀರಿನ ಕ್ಯಾನ್ ಹೊತ್ತು ತಂದವರ, ಮೈಕ್ ಸೆಟ್ ಹಾಕಿದವರ ಹೆಸರನ್ನೂ ಹೇಳಿದಳು. ನಮ್ಮಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಇವಳು ಬೆಳಿಗ್ಗೆಯೇ ಹೋಗಿ ಕೇಳಿ ಬರೆದುಕೊಂಡಿದ್ದಳು. ಮೈಕ್ ಸೆಟ್‌ನವರು ಬಾಗಿಲ ಹತ್ತಿರ ನಿಂತಿದ್ದವರು ಸಟ್ಟನೆ ತಲೆ ಎತ್ತಿ ನೋಡಿದರು. ಮುಂದಿನ ವರ್ಷ ಅವಳೇ ಕಾರ್ಯದರ್ಶಿ.

ನಿಮ್ಮ ಆಸಕ್ತಿಯ ಸಂಘವೇ ಇಲ್ಲದಿದ್ದರೆ ನೀವೇ ಕಟ್ಟಿ

ಐದು ಜನ ಸಾಕು. ಐವತ್ತು ಜನ ಬರಲಿ ಅಂತ ಕಾಯಬೇಡಿ. ಐವರಲ್ಲಿ ಇಬ್ಬರಾದರೂ ಬೇರೆ ವಿಭಾಗದವರಿರಲಿ, ಒಬ್ಬರಾದರೂ ಫಸ್ಟ್ ಇಯರ್ ಇರಲಿ. ಎಲ್ಲರೂ ಫೈನಲ್ ಇಯರ್ ಆದರೆ ನೀವು ಹೋದ ದಿನವೇ ಸಂಘವೂ ಹೋಯಿತು.

ಆಮೇಲೆ ಒಬ್ಬ ಮೇಷ್ಟ್ರನ್ನು ಹಿಡಿಯಿರಿ. ದೊಡ್ಡ ಹುದ್ದೆಯವರನ್ನು ಹುಡುಕಬೇಡಿ, ಆ ವಿಷಯದ ಹುಚ್ಚು ಇರುವವರನ್ನು ಹುಡುಕಿ. ಹುಚ್ಚು ಇರುವ ಮೇಷ್ಟ್ರು ಏನು ಮಾಡಬಲ್ಲರು ಅನ್ನುವುದಕ್ಕೆ ಮೈಸೂರಿನಲ್ಲೇ ಒಂದು ಉದಾಹರಣೆ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಆ ಕೇಂದ್ರದ ‘ಆಕಾಶವಾಣಿ’ ಅನ್ನುವ ಹೆಸರೇ ಆಮೇಲೆ ದೇಶದ ರೇಡಿಯೊಗೆ ಬಂತು. ನಿಮ್ಮ ಭೌತಶಾಸ್ತ್ರದ ಮೇಡಂಗೆ ಹಕ್ಕಿ ನೋಡುವ ಹುಚ್ಚು ಇರಬಹುದು, ಕಾಮರ್ಸ್ ಸರ್‌ಗೆ ಯಕ್ಷಗಾನದ್ದು. ಸ್ಟಾಫ್ ರೂಮಿಗೆ ಹೋಗಿ ಕೇಳಿ.

ಮೂರನೆಯದು ಅರ್ಜಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ ಬರೆಯಿರಿ, ಉದ್ದ ಬೇಡ. ಹೀಗಿದ್ದರೆ ಸಾಕು:

‘ಮಾನ್ಯರೇ, ನಾವು ಈ ಕೆಳಗೆ ಸಹಿ ಮಾಡಿರುವ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಓದುಗರ ಬಳಗ ಆರಂಭಿಸಲು ಬಯಸಿದ್ದೇವೆ. ಪ್ರತಿ ಬುಧವಾರ ಮಧ್ಯಾಹ್ನ 1.45ರಿಂದ 2.25ರವರೆಗೆ 14ನೇ ಕೊಠಡಿಯನ್ನು ಬಳಸಲು ಅನುಮತಿ ಕೋರುತ್ತೇವೆ. ತರಗತಿಗಳಿಗೆ ಅಡ್ಡಿಯಾಗುವುದಿಲ್ಲ. ಕಾಲೇಜಿನಿಂದ ಹಣ ಕೇಳುತ್ತಿಲ್ಲ. ಕೊಠಡಿಯ ಶುಚಿತ್ವ ಮತ್ತು ಬೀಗದ ಹೊಣೆ ನಮ್ಮದು. ಸಂಚಾಲಕರಾಗಿ ನಮ್ಮ ಅಧ್ಯಾಪಕರು ಒಪ್ಪಿದ್ದಾರೆ.’

ದಿನ, ಹೊತ್ತು, ಕೊಠಡಿ, ಹೊಣೆ. ಈ ನಾಲ್ಕು ಸ್ಪಷ್ಟವಾಗಿದ್ದರೆ ಯಾವ ಪ್ರಿನ್ಸಿಪಾಲರೂ ಸುಲಭಕ್ಕೆ ಇಲ್ಲ ಅನ್ನುವುದಿಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಆಫೀಸಿನ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಹೊತ್ತಿನ ವಿಷಯ

ಇದರ ಬಗ್ಗೆ ನಾನು ಜಾಸ್ತಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಪ್ರಕಾರ ಸಂಘ ಉಳಿಯುವುದೂ ಅಳಿಯುವುದೂ ಇಲ್ಲೇ.

ಮೈಸೂರಿನ ಕಾಲೇಜುಗಳಿಗೆ ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಕಡೆಯಿಂದ ದಿನಾ ಓಡಾಡುವ ಮಕ್ಕಳು ಬಹಳ. ಕೆಲವರು ರೈಲು, ಹೆಚ್ಚಿನವರು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆದರೆ ಬಸ್ಸಿನ ವೇಳೆ ಯಾರ ಕೈಲೂ ಇಲ್ಲ. ಸಂಜೆ ಸಭೆ ಇಟ್ಟರೆ ಬರುವವರು ಹಾಸ್ಟೆಲ್‌ನವರು ಮತ್ತು ಮೈಸೂರಿನಲ್ಲೇ ಮನೆ ಇರುವವರು ಮಾತ್ರ. ಹಾಗಾಗಿ ವಾರದ ಸಭೆ ಮಧ್ಯಾಹ್ನ ಊಟದ ಬಿಡುವಿನಲ್ಲಿರಲಿ. ಡಬ್ಬಿ ತಂದು ಅಲ್ಲೇ ತಿನ್ನಲಿ. ನಮ್ಮ ಸಂಘದಲ್ಲಿ ಮೊದಲ ಹತ್ತು ನಿಮಿಷ ಊಟಕ್ಕೇ. ಮುದ್ದೆ ತಂದವರು, ಚಿತ್ರಾನ್ನ ತಂದವರು ಹಂಚಿಕೊಳ್ಳುತ್ತಾರೆ. ಮಾತು ಶುರುವಾಗುವುದೇ ಅಲ್ಲಿ.

ನಾಟಕದ ತಾಲೀಮಿಗೆ ನಲವತ್ತು ನಿಮಿಷ ಸಾಲುವುದಿಲ್ಲ, ಒಪ್ಪುತ್ತೇನೆ. ಆಗ ತಾಲೀಮಿನ ಪಟ್ಟಿಯನ್ನು ಎರಡು ಭಾಗ ಮಾಡಿ. ದೂರದವರ ದೃಶ್ಯಗಳನ್ನು ಮಧ್ಯಾಹ್ನಕ್ಕೆ ಇಡಿ, ಹತ್ತಿರದವರದ್ದು ಸಂಜೆಗೆ. ಎಲ್ಲರೂ ಬೇಕಾದ ಕೊನೆಯ ವಾರ ಮನೆಯವರಿಗೆ ಮೊದಲೇ ತಿಳಿಸಿ, ಹುಡುಗಿಯರು ಸಹಪಾಠಿಗಳ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿ. ಮನೆಗೆ ಸಂಚಾಲಕರೇ ಫೋನ್ ಮಾಡಬೇಕು. ‘ನಿಮ್ಮ ಮಗಳು ನಮ್ಮ ಜವಾಬ್ದಾರಿ’ ಅಂತ ಒಬ್ಬ ಮೇಡಂ ಹೇಳಿದರೆ ಬಹಳಷ್ಟು ಅಪ್ಪಂದಿರು ಒಪ್ಪುತ್ತಾರೆ. ನಮ್ಮಪ್ಪನಿಗೆ ಅಂಥ ಒಂದು ಫೋನ್ ಬಂದಿದ್ದರೆ ನನ್ನ ಮೊದಲ ವರ್ಷವೇ ಬೇರೆ ಇರುತ್ತಿತ್ತು.

ಇಂಟರ್ನಲ್ಸ್ ಇರುವ ವಾರ ಸಭೆ ಬೇಡ. 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವುದನ್ನು ಸಂಘದವರೇ ಮಕ್ಕಳಿಗೆ ನೆನಪಿಸಬೇಕು. ಕ್ಲಾಸು ಬಿಟ್ಟು ಸಂಘದ ಕೆಲಸ ಮಾಡುವವರನ್ನು ಹೊಗಳಬೇಡಿ.

ದುಡ್ಡು

ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ಸಂಘದಿಂದ ರಂಗನತಿಟ್ಟಿಗೆ ಹೋಗಿದ್ದೆವು. ಬಂದ ಮೇಲೆ 640 ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. ಯಾರೂ ತಿಂದಿರಲಿಲ್ಲ ಅಂತ ಈಗಲೂ ನಂಬುತ್ತೇನೆ. ವ್ಯಾನಿನವರಿಗೋ ತಿಂಡಿಗೋ ಕೊಟ್ಟದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಅನುಮಾನ ಹುಟ್ಟಿತು. ಒಂದೇ ರೂಮಿನಲ್ಲಿದ್ದ ಇಬ್ಬರು ಗೆಳತಿಯರು ಕೊನೆಯ ಸೆಮಿಸ್ಟರ್ ಪೂರ್ತಿ ಮಾತು ಬಿಟ್ಟರು. ಸಂಘವೂ ಮುಚ್ಚಿತು.

ಅದಕ್ಕೇ ಹೇಳುತ್ತೇನೆ, ಮೊದಲ ದಿನವೇ ಒಂದು ನೋಟ್‌ಬುಕ್ ತನ್ನಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಐದು ರೂಪಾಯಿ ಜೆರಾಕ್ಸ್ ಆದರೂ ಬರೆಯಿರಿ. ದುಡ್ಡು ಇಟ್ಟುಕೊಳ್ಳುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು. ಫೋನ್‌ಪೇ, ಗೂಗಲ್‌ಪೇಗೆ ಬಂದದ್ದನ್ನೂ ಅದೇ ಪುಸ್ತಕಕ್ಕೆ ಏರಿಸಿ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ, ಆ ಪುಟದ ಫೋಟೋ ಗ್ರೂಪಿಗೆ ಹಾಕಿ. ಕೊಡಲು ಆಗದವರ ಹೆಸರನ್ನು ಮಾತ್ರ ಯಾರ ಮುಂದೂ ಹೇಳಬೇಡಿ. ಕೈಲಾದಷ್ಟು ಹಾಕಲಿ ಅಂತ ಡಬ್ಬ ಇಡಿ.

ಕಾರ್ಯಕ್ರಮ ಅಂದರೆ ಫ್ಲೆಕ್ಸ್ ಅಲ್ಲ

ನಮ್ಮ ಕಡೆ ಸಭೆ ಅಂದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹನ್ನೊಂದಕ್ಕೆ ಅಂತ ಹಾಕಿದ್ದು ಹನ್ನೆರಡಕ್ಕೆ ಶುರು. ಮುಖ್ಯ ಮಾತಿನ ಹೊತ್ತಿಗೆ ಮಕ್ಕಳ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಅತಿಥಿಗೆ ಒಂದು ಪುಸ್ತಕ ಕೊಡಿ, ಎರಡೇ ನಿಮಿಷದಲ್ಲಿ ಸ್ವಾಗತಿಸಿ, ಮಾತಿಗೆ ಬಿಡಿ. ಪ್ರಶ್ನೆ ಕೇಳಲು ಅರ್ಧ ಗಂಟೆ ಮೀಸಲಿಡಿ.

ಅದಕ್ಕಿಂತ ಒಳ್ಳೆಯದು, ಗುಂಪಾಗಿ ಹೊರಗೆ ಹೋಗಿ. ಮೈಸೂರಿನಂಥ ಊರಿನಲ್ಲಿ ಓದುತ್ತಾ ಕೊಠಡಿಯೊಳಗೇ ಕೂರುವುದು ನಷ್ಟ ಅಲ್ವಾ? 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಶುರುವಾದ ರಂಗಾಯಣ ನಾಟಕ ಸಂಸ್ಥೆ ಇಲ್ಲೇ ಕಲಾಮಂದಿರದ ಆವರಣದಲ್ಲಿದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಒಂದು ನಾಟಕ ನೋಡಿ ಬಂದು ಮರುವಾರ ಅದರ ಬಗ್ಗೆಯೇ ಮಾತಾಡಿ. ರಂಗಾಯಣದ ಬಹುರೂಪಿ ನಾಟಕೋತ್ಸವದ ದಿನಗಳಲ್ಲಂತೂ ತಂಡವಾಗಿ ಹೋಗಲೇಬೇಕು. ಇತಿಹಾಸದ ಸಂಘದವರಾದರೆ 1891ರ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದ. ಪಠ್ಯದಲ್ಲಿ ಒಂದು ಸಾಲಾಗಿ ಓದಿದ್ದು ನಮ್ಮ ಊರಿನದೇ ಅಂತ ತಿಳಿದಾಗ ಮಕ್ಕಳ ಮುಖ ನೋಡಬೇಕು. ಪರಿಸರ ಕ್ಲಬ್ಬಿನವರಿಗೆ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ ಇದೆ. ಒಂದು ದುರ್ಬೀನು, ಒಂದು ನೋಟ್‌ಬುಕ್ ಸಾಕು. ಒಂದೇ ಜಾಗದಲ್ಲಿ ನಿಂತು ಕಂಡ ಹಕ್ಕಿ ಎಣಿಸಿ ಬರೆಯಿರಿ. ತಿಂಗಳಿಗೊಮ್ಮೆ ಮಾಡಿದರೂ ಮೂರು ವರ್ಷಕ್ಕೆ ನಿಮ್ಮ ಕೈಲಿ ಒಂದು ಒಳ್ಳೆಯ ದಾಖಲೆ ಇರುತ್ತದೆ.

ಸ್ಪರ್ಧೆಗಳ ಬಗ್ಗೆ ಒಂದು ಮಾತು. ಅಂತರ ಕಾಲೇಜು ಯುವಜನೋತ್ಸವ, ದಸರಾಕ್ಕೆ ಮೊದಲು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮ, ಇವೆಲ್ಲ ಬೇಕು. ಸಾವಿರಾರು ಜನರ ಮುಂದೆ ಆ ವೇದಿಕೆ ಹತ್ತಿದ ಅನುಭವ ಎಲ್ಲೂ ಸಿಗುವುದಿಲ್ಲ. ಆದರೆ ಚೆನ್ನಾಗಿ ಕುಣಿಯುವ ಹತ್ತು ಜನ ಮಾತ್ರ ತಂಡದಲ್ಲಿದ್ದು, ಉಳಿದವರು ಚಪ್ಪಾಳೆಗೆ ಅಂತಾದರೆ ಸಂಘ ಒಡೆಯುತ್ತದೆ. ಬಟ್ಟೆ, ಬಣ್ಣ, ತಮಟೆ, ಪರಿಕರ, ಬೆಳಕು, ಎಲ್ಲಕ್ಕೂ ಹೆಸರಿಟ್ಟು ಜನರನ್ನು ಹಾಕಿ. ಪ್ರಮಾಣಪತ್ರದಲ್ಲಿ ಅವರ ಹೆಸರೂ ಬರಲಿ ಅಂತ ಸಂಚಾಲಕರು ಹಟ ಹಿಡಿಯಬೇಕು.

ಜಗಳ ಬಂದಾಗ

ಬರುತ್ತದೆ. ಹೆಚ್ಚಿನ ಜಗಳ ಹುಟ್ಟುವುದು ವಾಟ್ಸಾಪ್ ಗ್ರೂಪಿನಲ್ಲಿ, ರಾತ್ರಿ ಹತ್ತರ ಮೇಲೆ. ಗ್ರೂಪಿನಲ್ಲಿ ದಿನ, ಹೊತ್ತು, ಜಾಗ ಮಾತ್ರ ಹಾಕುವ ನಿಯಮ ಮಾಡಿ. ಬೇಜಾರು ಏನಿದ್ದರೂ ಎದುರಿಗೆ ಕೂತು ಹೇಳಿಕೊಳ್ಳಲಿ. ಒಂದು ಟೀ ಕುಡಿಯುವಷ್ಟರಲ್ಲಿ ಅರ್ಧ ಜಗಳ ಇಳಿಯುತ್ತದೆ. ಬರುವುದು ನಿಲ್ಲಿಸಿದವರನ್ನು ಗ್ರೂಪಿನಿಂದ ತೆಗೆಯುವ ಮೊದಲು ಒಬ್ಬರು ಹೋಗಿ ಮಾತಾಡಿಸಿ. ಮನೆಯಲ್ಲಿ ಕಷ್ಟ ಇರಬಹುದು, ಪಾರ್ಟ್ ಟೈಮ್ ಕೆಲಸಕ್ಕೆ ಸೇರಿರಬಹುದು.

ಬಿಟ್ಟುಕೊಡುವುದು

ಕೊನೆಯ ಸೆಮಿಸ್ಟರ್‌ಗೆ ಬಂದವರು ಸಂಘದ ಹುದ್ದೆ ಬಿಟ್ಟುಕೊಡಿ. ಪರೀಕ್ಷೆ ಹತ್ತಿರ ಬಂದ ಮೇಲಲ್ಲ, ಮೂರು ತಿಂಗಳು ಮೊದಲೇ. ಹೊಸಬರು ಕೆಲಸ ಮಾಡಲಿ, ನೀವು ಪಕ್ಕದಲ್ಲಿರಿ, ತಪ್ಪಿದರೆ ಹೇಳಿಕೊಡಿ.

ನಮ್ಮಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರಲ್ಲಿ ಲೆಕ್ಕದ ಪುಸ್ತಕ, ನಡಾವಳಿ ಪುಸ್ತಕ, ಸೀಲು ಹಾಕಿದ ಹಳೆಯ ಅರ್ಜಿಗಳು, ಒಂದು ಎಕ್ಸ್‌ಟೆನ್ಷನ್ ವೈರು, ಎರಡು ಜಮಖಾನ ಇವೆ. ಹಳೆಯ ಕಾರ್ಯದರ್ಶಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿ, ಹೊಸಬರಿಂದ ಸಹಿ ಮಾಡಿಸಿ ಬೀಗದ ಕೈ ಕೊಡುತ್ತಾರೆ. ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಸದಸ್ಯರ ಹೆಸರು, ಊರು, ಅವರ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬರೆದಿರುತ್ತದೆ. ಹೊಸ ಕಾರ್ಯದರ್ಶಿಯ ಮೊದಲ ಕೆಲಸ ಆ ಪುಟವನ್ನು ಹೊಸದಾಗಿ ಬರೆಯುವುದು. ಆಮೇಲೆಯೇ ಆ ವರ್ಷದ ಮೊದಲ ಸಭೆಯ ಹೊತ್ತು ಗೊತ್ತು ಮಾಡುತ್ತೇವೆ.